ನಾಲ್ಕು ನಿಮಿಷದ ತೇವ

ಅಪ್ಪಯ್ಯಾ,

ನೀವು ತೀರಿಕೊಂಡು ಮೂರು ವರ್ಷವಾಯ್ತು. ಇವತ್ತು ಲ್ಯಾಬಿನಲ್ಲಿ ನನ್ನ ವಿದ್ಯಾರ್ಥಿನಿ ಧ್ರುವಿ ಹಳೆಯ ಫೈಲೊಂದನ್ನು ತೆರೆದು, “ಮ್ಯಾಮ್, ಈ ಅಳತೆ ಹಾಳಾಗಿದೆ, ಅಳಿಸಲಾ?” ಅಂದಳು.

ತಾರೀಕು ನೋಡಿದೆ. ನೀವು ಸೂರತ್ತಿನ ಹೋಟೆಲನ್ನು ಒಂದು ದಿನ ಮುಚ್ಚಿ, ನನ್ನ ಕೆಲಸ ನೋಡಲು ಅಹಮದಾಬಾದಿಗೆ ಬಂದಿದ್ದ ದಿನ.

ನಾನು ಅಳೆಯುವ, ಟೆರಾಹರ್ಟ್ಜ್ ಎಂಬ ಕಣ್ಣಿಗೆ ಕಾಣದ ಕಿರಣ ಬಟ್ಟೆ, ಕಾಗದ ಎಲ್ಲ ದಾಟುತ್ತದೆ. ಉಸಿರಿನ ತೇವಕ್ಕೆ ಸೋಲುತ್ತದೆ. ಅವತ್ತು ನೀವು ಆ ಕಿರಣ ಹಾಯುವ ಪೆಟ್ಟಿಗೆಯ ಮೇಲೆ ಬಗ್ಗಿ, “ಬೆಳಕೇ ಕಾಣುದಿಲ್ಲ ಅಲ್ದಾ ಮಗಾ?” ಅಂದಿರಿ. “ಅಲ್ಲಿ ಉಸಿರು ಬಿಡಬೇಡಿ, ಹೊರಗೆ ನಿಲ್ಲಿ” ಅಂತ ರೇಗಿದೆ. ಸಂಜೆಯವರೆಗೂ ವರಾಂಡದಲ್ಲೇ ನಿಂತಿದ್ದಿರಿ.

“ಅಳಿಸಬೇಡ” ಅಂದೆ ಧ್ರುವಿಗೆ. ತೆರೆಯ ಮೇಲೆ ಕಿರಣದ ಬಲ ತೋರಿಸುವ ಗೆರೆ ನಾಲ್ಕು ನಿಮಿಷ ಕುಸಿದಿದೆ. ಅಷ್ಟು ಹೊತ್ತು ನೀವು ಉಸಿರಾಡುತ್ತಿದ್ದೀರಿ. ಆಮೇಲೆ ಗೆರೆ, ನಾನು ಬಯಸಿದ ಹಾಗೆಯೇ, ಚೊಕ್ಕವಾಗಿದೆ.