ತಣ್ಣಗಿರುವಾಗ ಊದಬಾರದು

ಲಾಂಡ್ರಿ ಹಿಂದಿನ ಬೀದಿ, ಮಹಡಿ ಕೋಣೆ
ಜನವರಿ ೯, ಗುರುವಾರ ಸಂಜೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕೆಮ್ಮು ಇಳಿಯಿತೇ? ಭಾವ ಈಗಲೂ ರುಚಿ ನೋಡುವ ನೆಪದಲ್ಲಿ ನಿನ್ನ ಔಷಧವನ್ನು ಅರ್ಧ ಮುಗಿಸುತ್ತಿದ್ದಾರೆಯೇ? ನಾನು ಚೆನ್ನಾಗಿದ್ದೇನೆ. ಲಾಂಡ್ರಿಯ ಬಿಸಿನೀರಿನ ತೊಟ್ಟಿಗಳ ಕೆಲಸದಿಂದ ಕೈ ಸಿಪ್ಪೆ ಸುಲಿದಿದೆ, ನಾಲಿಗೆ ಮಾತ್ರ ಮೊದಲಿನಂತೆಯೇ ಇದೆ.

ಅಮ್ಮನ ಮನೆಯಿಂದ ನಿನ್ನ ಮೌತ್ ಆರ್ಗನ್‌ಗಳ ಪೆಟ್ಟಿಗೆಯನ್ನು ನಿನ್ನೆ ತಂದೆ. ಆದರೆ ನೀನು ಬರೆದಂತೆ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದಿಲ್ಲ. ಮೌತ್ ಆರ್ಗನ್ ವಾದ್ಯವೇ ಅಲ್ಲ, ಆಟದ ಸಾಮಾನು ಎಂದು ಸಂಗೀತ ಶಾಲೆಯ ಪರೀಕ್ಷಕರು ನಿನಗೆ ಕಲಿಸುವ ಕೆಲಸ ಕೊಡಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ, ಹಾಗೆ ಹೇಳುವುದೇ ಅವರ ಉದ್ಯೋಗ. ನೀನು ನಂಬಿದೆಯಲ್ಲ, ಅದಕ್ಕೆ ಸಿಟ್ಟು. 'ಇನ್ನು ಊದುವುದಿಲ್ಲ, ಜೋಪಾನವಾಗಿಡು' ಎಂದು ಒಂದು ಸಾಲು ಬರೆದು, ಜೋಪಾನ ಮಾಡುವ ಬಗೆಯನ್ನು ಎರಡು ಪುಟ ಬರೆದಿದ್ದೀಯ. ನಿಜವಾಗಿ ಬಿಟ್ಟವಳು ಹಾಗೆ ಬರೆಯುತ್ತಾಳೆಯೇ? ಬಳಸದೆ ಕಾಪಾಡಿದ ವಸ್ತು ಯಾರದ್ದೂ ಅಲ್ಲ ಎಂದು ನಾನು ಓದಿದ ಒಂದು ಪುಸ್ತಿಕೆಯಲ್ಲಿದೆ. ಬರೆದವನಿಗೆ ಮೌತ್ ಆರ್ಗನ್ ಬಗ್ಗೆ ಏನೂ ಗೊತ್ತಿರಲಿಕ್ಕಿಲ್ಲ, ಆದರೂ ಸರಿಯಾಗಿಯೇ ಬರೆದಿದ್ದಾನೆ.

ತರುವಾಗ ಮಾತ್ರ ನಿನ್ನ ಮಾತು ಮೀರಲಿಲ್ಲ. ಒಂದೊಂದನ್ನೂ ಉಣ್ಣೆಯ ಕಾಲುಚೀಲಕ್ಕೆ ತೂರಿಸಿದೆ. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೇ ಇಟ್ಟುಕೊಂಡೆ. ಬಸ್ಸು ತಡವಾಗಿ, ನೇರ ಕೆಲಸಕ್ಕೇ ಹೋಗಬೇಕಾಯಿತು. ನಮ್ಮ ಗೇಟಿನ ಕಾವಲುಗಾರನಿಗೆ ನಾವು ಇಟ್ಟ ಹೆಸರು ಇಣುಕಪ್ಪ. ಹೋದ ತಿಂಗಳು ನಾನು ಊಟದ ಡಬ್ಬಿಯಲ್ಲಿ ಕರಪತ್ರ ಒಯ್ದದ್ದನ್ನು ಅವನು ಮರೆತಿಲ್ಲ. 'ಇದರೊಳಗೂ ಕಾಗದ ತುರುಕಿರ್ತೀಯ. ಒಂದೊಂದನ್ನೂ ಊದಿ ತೋರಿಸು, ಇಲ್ಲಾಂದ್ರೆ ಪೆಟ್ಟಿಗೆ ಇಲ್ಲೇ ಒಲೆ ಹತ್ರ ಇಟ್ಟು ಹೋಗು' ಎಂದ. ಒಲೆಯ ಬಳಿ ಇಟ್ಟರೆ ಒಳಗಿನ ಮರದ ಪಟ್ಟಿ ಬಿರಿಯುತ್ತದೆ. ಚಳಿಗೆ ತಣ್ಣಗಾದದ್ದನ್ನು ಊದಿದರೆ ಉಸಿರು ನೀರಾಗಿ ರೀಡಿನ ತೆಳು ಲೋಹದ ಎಳೆಗೆ ಅಂಟಿ ಸ್ವರ ಕಟ್ಟಿಕೊಳ್ಳುತ್ತದೆ. ಎಲ್ಲ ನಿನ್ನ ಪಾಠವೇ. ಊದುತ್ತೇನೆ, ಬೆಚ್ಚಗಾದ ಮೇಲೆ ಎಂದು ಹೇಳಿ, ಕಂಕುಳಿಗೊಂದರಂತೆ ಇಟ್ಟುಕೊಂಡು ಗೇಟಿಗೆ ಅಡ್ಡ ನಿಂತೆ. ಅವನು ಏನು ಕೂಗಾಡಿದರೂ ಕದಲಲಿಲ್ಲ.

ಹಿಂದೆ ಇಡೀ ಪಾಳಿ ಸಾಲುಗಟ್ಟಿತು. ಮೊದಲು ನನ್ನನ್ನು ಬೈದರು, ಆಮೇಲೆ ಸಂಗತಿ ಕೇಳಿ ಇಣುಕಪ್ಪನನ್ನು. ಆಗ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಅಜ್ಜಿ ಮುಂದೆ ಬಂದಳು. 'ಹೀಗೆ ಎರಡೆರಡೇ ಕಾಯಿಸ್ತಾ ನಿಂತ್ರೆ ಸಂಜೆ ಆಗುತ್ತೆ. ಕೊಡು ಮಗಳೇ ಇಲ್ಲಿ, ನನ್ನ ಕಂಕುಳು ಖಾಲಿಯೇ ಇದೆ' ಎಂದಳು. ನಗು ಸಾಲಿನ ಕೊನೆಯವರೆಗೂ ಹೋಯಿತು. ಹೊಲಿಗೆಯವಳು ಒಂದನ್ನು ಇಸಿದುಕೊಂಡಳು, ಗಾಡಿ ತಳ್ಳುವವರು ಒಂದೊಂದು. ನೋಡುನೋಡುತ್ತ ಪೆಟ್ಟಿಗೆ ಬರಿದಾಯಿತು. ಬೆಚ್ಚಗಾಗುತ್ತಲೇ ಎಲ್ಲರೂ ಒಟ್ಟಿಗೆ ಊದಿದರು. ಅಕ್ಕಾ, ಅಷ್ಟು ಕೆಟ್ಟ ಸದ್ದನ್ನು ನಾನು ಹುಟ್ಟಿದ ಮೇಲೆ ಕೇಳಿಲ್ಲ. ಇಣುಕಪ್ಪ ಒಂದು ಕೈಯಲ್ಲಿ ಕಿವಿ ಮುಚ್ಚಿಕೊಂಡು ಇನ್ನೊಂದರಲ್ಲಿ ಗೇಟು ತೆಗೆದ.

ಒಬ್ಬರು ಊದಿದ್ದನ್ನು ಇನ್ನೊಬ್ಬರು ಊದಬಾರದು ಎಂದೂ ನೀನೇ ಹೇಳಿದ್ದೀಯ. ಹಾಗಾಗಿ ಅವು ಈಗ ಊದಿದವರವು. ನಾನು ವಾಪಸ್ ಕೇಳಲಿಲ್ಲ, ಅವರೂ ಕೊಡಲಿಲ್ಲ. ಅಂಗೈಗೆ ತಟ್ಟಿ ನೀರು ಕೊಡವುವುದು, ಒರೆಸುವುದು, ಆರಿದ ಮೇಲಷ್ಟೇ ಕಾಲುಚೀಲಕ್ಕೆ ಹಾಕುವುದು, ಎಲ್ಲವನ್ನೂ ಸಂಜೆ ಹೇಳಿಕೊಟ್ಟೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು, 'ಇಡೋದು ಹೇಗೆ ಅಂತ ಹೇಳಿದೆ, ಊದೋದು ಯಾರು ಹೇಳ್ತಾರೆ?' ಎಂದಳು. ನನಗೇನು ಗೊತ್ತು, ಹೇಳು?

ಭಾವನಿಗೆ ನನ್ನ ನಮಸ್ಕಾರ, ಮಗುವಿಗೆ ಮುತ್ತು. ನಾನು ಕ್ಷಮೆ ಕೇಳುತ್ತಿಲ್ಲ.

ನಿನ್ನ ತಂಗಿ,
ಮೊಂಡಿ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು, ಬೇಗ ಗೀಚುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ನೀನು ಬಂದು ಕಲಿಸುತ್ತೀಯ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ಬಟ್ಟೆ ಮಡಿಸುವ ಕೋಣೆ ಅಂದು ಖಾಲಿ. ಕಲಿಸುವುದಿಲ್ಲ, ನನ್ನ ಸಾಮಾನು ನನಗೆ ಬೇಕು ಎಂದರೂ ನೀನೇ ಬಂದು ಒಬ್ಬೊಬ್ಬರ ಕೈಯಿಂದ ತೆಗೆದುಕೊಳ್ಳಬೇಕು. ಅಜ್ಜಿಯಿಂದಲೇ ಶುರು ಮಾಡು. ಅವಳು ಕೊಡುವವಳಲ್ಲ.