ಹವಳದ ಮೇಲೆ ನಿಂತ ನಿಮ್ಮ ಮಗ

ಅತ್ತೆ, ನಮಸ್ಕಾರ. ಕ್ಷೇಮ ಸಮಾಚಾರ ಆಮೇಲೆ, ಮೊದಲು ನಿಮ್ಮ ಮಗನ ಮೇಲೆ ದೂರು.

ಇಲ್ಲಿ ಸೊಂಟದುದ್ದ ನೀರಿನಡಿ ಹವಳ ಹೂದೋಟದ ಹಾಗೆ ಬೆಳೆದಿದೆ. ಅದಕ್ಕೆ ಜೀವವಿದೆ, ಕಾಲಿಡಬೇಡಿ ಎಂದು ದೋಣಿಯವರು ಎಲ್ಲರಿಗೂ ಹೇಳಿದ್ದರು. ಇವರು ಫೋಟೋಗೆಂದು ಅದರ ಮೇಲೆಯೇ ಹತ್ತಿ ನಿಂತರು! ಲಟಕ್ಕೆಂದು ಮುರಿಯಿತು. ಬೆರಳುದ್ದ ಬೆಳೆಯಲು ವರ್ಷಗಟ್ಟಲೆ ಬೇಕಂತೆ.

"ರೀ, ಇಳೀರಿ!" ಎಂದು ಅರಚಿದೆ.

"ಕಲ್ಲು ತಾನೆ, ಏನಾಗುತ್ತೆ?" ಅಂದರು. ಮನೆಯಲ್ಲಿ ತಮ್ಮ ಗುಲಾಬಿ ಪಾತಿಗೆ ಬೆಕ್ಕು ಕಾಲಿಟ್ಟರೆ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡುವವರು ಇವರೇ!

ಅಂಗಾಲು ಕೊಯ್ದುಕೊಂಡಿದ್ದಾರೆ. ಮುಲಾಮು ಹಚ್ಚಿದ್ದೇನೆ, ನೀವು ಅಯ್ಯೋ ಪಾಪ ಎನ್ನಬೇಡಿ. ಕಾರ್ಡಿನಲ್ಲಿ ಜಾಗ ಮುಗಿಯಿತು. ಬಂದ ಮೇಲೆ ಆ ಫೋಟೋ ತೋರಿಸುತ್ತಾರೆ. ಮುಖ ನೋಡಿ ಹಿಗ್ಗಬೇಡಿ, ಕಾಲ ಕೆಳಗೇನಿದೆ ಎಂದು ಕೇಳಿ.

ನಿಮ್ಮ ಸೊಸೆ