ಖರ್ಜೂರದ ಗೂಟ

ಷೆದ್ಲಿ,

ಅಮ್ಮನನ್ನು ಕರೆದುಕೊಂಡು ಸ್ಫಾಕ್ಸ್ ಆಸ್ಪತ್ರೆಗೆ ಹೊರಟೆ. ಬಾರ್ಲಿ ಗಂಜಿ ಒಲೆಯ ಮೇಲಿದೆ, ಬಿಸಿಮಾಡಿಕೋ.

ಆಕ್ಟೋಪಸ್ ಹಿಡಿಯಲು ಕಡಲಲ್ಲಿ ಮುಳುಗಿಸಿಟ್ಟ ಮಡಕೆ ಎತ್ತುವಾಗ ದೋಣಿ ನಿಲ್ಲಿಸಲು ಕಬ್ಬಿಣದ ಲಂಗರೇ ಬೇಕೆಂದು ನಿನ್ನೆ ಹಟ ಹಿಡಿದೆಯಲ್ಲ, ಎದೆಮಟ್ಟದ ನೀರಿಗೆ ಅದ್ಯಾಕೋ ಮಾರಾಯ? ಅಪ್ಪನದೂ ಕಬ್ಬಿಣದ ಹೊಸ ಲಂಗರೇ. ಕಡಲಹುಲ್ಲಿನ ಬೇರಿಗೆ ಸಿಕ್ಕಿಕೊಂಡಿತು. ಗಾಳಿ ಎದ್ದು ಅಲೆ ಏರಿದಾಗ ಬಿಡಿಸಲು ಮುಳುಗಿದವನು ಮೇಲೆ ಬರಲಿಲ್ಲ. ಹಗ್ಗ ಕತ್ತರಿಸಲು ಚಾಕು ಸೊಂಟದಲ್ಲೇ ಇತ್ತು. ಹೊಸ ಲಂಗರು ಬಿಟ್ಟುಬರಲು ಅವನಿಗೆ ಮನಸ್ಸಾಗಲಿಲ್ಲ.

ಬಾಗಿಲ ಹಿಂದೆ ಖರ್ಜೂರದ ಮರದ ಉದ್ದನೆಯ ಗೂಟ ಇಟ್ಟಿದ್ದೇನೆ. ತುದಿ ನಾನೇ ಚೂಪು ಮಾಡಿದ್ದು, ನಗಬೇಡ. ಮರಳಿಗೆ ಚುಚ್ಚಿ ದೋಣಿ ಕಟ್ಟು. ಗಾಳಿ ಎದ್ದರೆ ಕಿತ್ತುಕೊಂಡು ಬಾ. ಕೀಳಲು ಬರದಿದ್ದರೆ ಹಗ್ಗ ಕೊಯ್ದು, ಅಲ್ಲೇ ಬಿಟ್ಟು ಬಾ. ಹಿತ್ತಲಲ್ಲಿ ಖರ್ಜೂರದ ಮರ ಇನ್ನೂ ಇವೆ.

ನಜೀಹಾ ಅಕ್ಕ